ಹೊಗೆಸೊಪ್ಪಿನ ಸೀಮೆ: ಹೊಸ ಆಟಗಾರರ ಕೈಪಿಡಿ

ಆಟದ ಹೆಸರು ವರ್ಜೀನಿಯಾ. ಆಡುವ ಜಾಗ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ. ಒಂದು ಸುತ್ತು ಬೇಸಿಗೆಯ ಸಸಿಮಡಿಯಲ್ಲಿ ಶುರುವಾಗಿ ಮುಂದಿನ ಬೇಸಿಗೆಯ ಹೊಸ್ತಿಲಲ್ಲಿ ಕೊನೆಯ ಬೇಲ್ ಹರಾಜಾಗುವವರೆಗೆ ನಡೆಯುತ್ತದೆ. ಎರಡು ಸುತ್ತುಗಳ ನಡುವೆ ವಿರಾಮವಿಲ್ಲ. ಹಳೇ ಸೊಪ್ಪಿನ ದುಡ್ಡು ಬ್ಯಾಂಕಿಗೆ ಬೀಳುವ ಮೊದಲೇ ಹೊಸ ಬೀಜ ಮಡಿಗೆ ಬಿದ್ದಿರುತ್ತದೆ.

ಪಾತ್ರ ವಹಿಸಿ ಆಡುವ ಆಟಗಳಿಗೆ ಮೊದಲ ನಿಯಮ ಪುಸ್ತಕ ಅಚ್ಚಾದದ್ದು 1974ರಲ್ಲಿ, ಅಮೆರಿಕದಲ್ಲಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆ ಆಟದಲ್ಲಿ ಇದ್ದದ್ದು ಮೂರೇ ವರ್ಗ: ಕಾದಾಡುವವನು, ಮಾಟಗಾರ, ಪೂಜಾರಿ. ಆಟ ಅಂತರ್ಜಾಲಕ್ಕೆ ಹತ್ತಿ, 2004ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬರುವ ಹೊತ್ತಿಗೆ ವರ್ಗಗಳು ಒಂಬತ್ತಾಗಿದ್ದವು. ನಮ್ಮ ಆಟದ ನಿಯಮ ಪುಸ್ತಕ ಅಮೆರಿಕದ್ದಕ್ಕಿಂತ ಒಂದೇ ವರ್ಷ ಚಿಕ್ಕದು. ತಂಬಾಕು ಮಂಡಳಿ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 1975ರಲ್ಲಿ, ಮಂಡಳಿ ಹುಟ್ಟಿದ್ದು 1976ರ ಜನವರಿ 1ರಂದು. ಅದರ ಕೇಂದ್ರ ಕಚೇರಿ ಆಂಧ್ರದ ಗುಂಟೂರಿನಲ್ಲಿದೆ. ಈ ಪುಸ್ತಕದ ಪ್ರಕಾರ ಬೆಳೆಗಾರರಲ್ಲಿ ಇರುವುದು ಎರಡೇ ವರ್ಗ: ನೋಂದಣಿ ಆದವರು, ಆಗದವರು. ಉಳಿದ ವರ್ಗಗಳನ್ನು ಆಟಗಾರರೇ ಆಡುತ್ತ ಆಡುತ್ತ ಮಾಡಿಕೊಂಡಿದ್ದಾರೆ.

ಲೋಕ

ನಕ್ಷೆಯನ್ನು ಮೊದಲು ನೋಡಿಕೊಳ್ಳಿ. ಹುಣಸೂರು ರಾಜಧಾನಿ. ಲಕ್ಷ್ಮಣತೀರ್ಥ ನದಿ ಊರೊಳಗೇ ಹರಿಯುತ್ತದೆ. ತಂಬಾಕು ಸಂಶೋಧನಾ ಕೇಂದ್ರ ಇಲ್ಲಿದೆ. ಕಟ್ಟೆಮಳಲವಾಡಿ ಮತ್ತು ಚಿಲ್ಕುಂದದ ಹರಾಜು ಮಾರುಕಟ್ಟೆಗಳು ಈ ತಾಲ್ಲೂಕಿನವು. ದೇವರಾಜ ಅರಸರ ಕಲ್ಲಹಳ್ಳಿಯೂ ಇದೇ ತಾಲ್ಲೂಕಿನದು. ಉಳುವವನಿಗೆ ಹೊಲ ಸಿಕ್ಕಿದ್ದು ಅವರ ಕಾಲದಲ್ಲಿ, ಆ ಹೊಲದಲ್ಲಿ ಏನು ಬೆಳೆದರೆ ಸಾಲ ತೀರುತ್ತದೆ ಎಂಬ ಪ್ರಶ್ನೆ ಮುಂದಿನವರ ಪಾಲಿಗೆ ಬಂತು.

ಪಿರಿಯಾಪಟ್ಟಣದಲ್ಲಿ ಆಟ ಬಹಳ ಬಿರುಸು. ಕಗ್ಗುಂಡಿ, ಕಂಪಲಾಪುರ ಎಂಬ ಹೆಸರು ಕೇಳಿದರೆ ಈ ಕಡೆಯವರಿಗೆ ನೆನಪಾಗುವುದು ದೇವಸ್ಥಾನವಲ್ಲ, ಹರಾಜು ಕಟ್ಟೆ. ಇದೇ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1961ರಿಂದ ಟಿಬೆಟ್ಟಿನವರ ನೆಲೆ ಇದೆ. ಇಡೀ ದೇಶ ಕಳೆದುಕೊಂಡು ಬಂದವರು ಇಲ್ಲಿ ಮುಸುಕಿನ ಜೋಳ ಬೆಳೆದರು.

ಕೆ.ಆರ್.ನಗರ ಸುಲಭದ ಹಂತ, ಕಾವೇರಿ ನಾಲೆಯ ನೀರು ಹೊಲಕ್ಕೆ ಬರುವವರಿಗೆ ಮಾತ್ರ. ಅವರು ಭತ್ತ ನೆಟ್ಟು ಚುಂಚನಕಟ್ಟೆ ಜಾತ್ರೆಗೆ ಎತ್ತು ನೋಡಲು ಹೋಗುತ್ತಾರೆ. ನಾಲೆಗಿಂತ ಮೇಲಿನ ಕೆಂಪು ಮಣ್ಣಿನವರು ನಮ್ಮ ಆಟಕ್ಕೆ ಸೇರುತ್ತಾರೆ.

ಎಚ್.ಡಿ.ಕೋಟೆ ಕಠಿಣ ಹಂತ. ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯಗಳಿರುವ ಸೀಮೆ ಇದು. ಆದರೂ ಮುಗಿಲು ನೋಡಿಕೊಂಡು ಬೇಸಾಯ ಮಾಡುವ ಹೊಲಗಳು ಇಲ್ಲಿ ಬೇಕಾದಷ್ಟಿವೆ. ನೀರು ನಿಲ್ಲುವುದು ಇಲ್ಲಿ, ಹರಿಯುವುದು ಕೆಳಗಿನವರ ಗದ್ದೆಗೆ. ಜೊತೆಗೆ ಕಾಡಾನೆ. ರಾಗಿ ಬೆಳೆದರೆ ತಿನ್ನುತ್ತದೆ, ಬಾಳೆ ಬೆಳೆದರೆ ತಿನ್ನುತ್ತದೆ, ಹೊಗೆಸೊಪ್ಪನ್ನು ಮಾತ್ರ ಬಾಯಿಗಿಡದೆ ತುಳಿದುಕೊಂಡು ಹೋಗುತ್ತದೆ. (ಆನೆಗಳಲ್ಲೂ ವರ್ಗಗಳಿವೆ: ಕಾಡಾನೆ, ಶಿಬಿರದ ಆನೆ, ಅಂಬಾರಿ ಆನೆ. ಇದೇ ತಾಲ್ಲೂಕಿನ ಬಳ್ಳೆ ಶಿಬಿರದ ಅರ್ಜುನ ಮೂರೂ ಹಂತ ದಾಟಿ ಚಿನ್ನದ ಅಂಬಾರಿ ಹೊತ್ತವನು. ನಿವೃತ್ತನಾದ ಮೇಲೂ ಕಾಡಾನೆ ಹಿಡಿಯಲು ಕರೆದೊಯ್ದರು, 2023ರ ಡಿಸೆಂಬರಿನಲ್ಲಿ ಆ ಕೆಲಸದಲ್ಲೇ ಸತ್ತ. ಮೇಲಿನ ಹಂತ ತಲುಪಿದವರಿಗೆ ಈ ಸೀಮೆ ಕೊಡುವ ಪಿಂಚಣಿಯ ಬಗ್ಗೆ ಇದರಿಂದ ಅಂದಾಜು ಮಾಡಿಕೊಳ್ಳಬಹುದು.)

ಪಾತ್ರದ ಆಯ್ಕೆ

ಬೇರೆ ಆಟಗಳಲ್ಲಿ ಕೂದಲಿನ ಬಣ್ಣದಿಂದ ಕತ್ತಿಯ ಉದ್ದದವರೆಗೆ ನೀವೇ ಆರಿಸಿಕೊಳ್ಳುತ್ತೀರಿ. ಇಲ್ಲಿ ಪಾತ್ರ ಆರಿಸುವ ಪರದೆಯಲ್ಲಿ ಒಂದೇ ಪ್ರಶ್ನೆ ಬರುತ್ತದೆ: ನಿಮ್ಮಪ್ಪನ ಹೆಸರಲ್ಲಿ ಲೈಸೆನ್ಸ್ ಇತ್ತೆ?

ಇತ್ತು ಅಂದರೆ ನೀವು ಲೈಸೆನ್ಸ್‌ದಾರ. ಸೊಪ್ಪು ಬೇಯಿಸುವ ಬ್ಯಾರನ್‌ಗೆ ಇಷ್ಟು ಕೆ.ಜಿ. ಎಂದು ಮಂಡಳಿ ಗೊತ್ತುಮಾಡುತ್ತದೆ, ಗೊಬ್ಬರ ಕೊಡಿಸುತ್ತದೆ, ಬ್ಯಾಂಕು ಸಾಲಕ್ಕೆ ಬಾಗಿಲು ತೆಗೆಯುತ್ತದೆ. ಗೊಬ್ಬರದಲ್ಲಿ ಹುಷಾರಾಗಿರಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಹಾಕಿದರೆ ಅದರ ಕ್ಲೋರೈಡ್ ಎಲೆಗೆ ಸೇರಿ, ಮುಂದೆ ಯಾವುದೋ ದೇಶದಲ್ಲಿ ಯಾರೋ ಕಡ್ಡಿ ಗೀರಿದಾಗ ಆ ಸೊಪ್ಪು ನೆಟ್ಟಗೆ ಉರಿಯುವುದಿಲ್ಲ. ಅದಕ್ಕೇ ಸಲ್ಫೇಟ್ ಆಫ್ ಪೊಟ್ಯಾಷ್. ನಿಮ್ಮ ಕೆಲಸದ ಪರೀಕ್ಷೆ ನಡೆಯುವುದು ನೀವು ಎಂದೂ ನೋಡದವನ ಎರಡು ಬೆರಳುಗಳ ನಡುವೆ.

ಇರಲಿಲ್ಲ ಅಂದರೆ ನೀವು ಅನಧಿಕೃತ. ಮಣ್ಣು ಅದೇ, ಸಸಿ ಅದೇ, ಬೆಂಕಿ ಅದೇ, ಕಾಗದ ಮಾತ್ರ ಇಲ್ಲ. ಈ ವರ್ಗಕ್ಕೆ ಅದೃಶ್ಯನಾಗುವ ಶಕ್ತಿಯಿದೆ: ಕೃತ್ತಿಕೆ ಮಳೆಯಲ್ಲಿ ನಾಟಿ ಮಾಡುವಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಶಕ್ತಿ ಹೋಗುವುದು ಹರಾಜಿನ ಕೊನೆಯಲ್ಲಿ, ಮಾರಲೇಬೇಕಾದಾಗ. ಆಗ ದಂಡ ತೆತ್ತು ಕಾಣಿಸಿಕೊಳ್ಳಬೇಕು. ಕೆಲವು ವರ್ಷ ದೆಹಲಿಯ ವಾಣಿಜ್ಯ ಸಚಿವಾಲಯ ದಂಡ ಮನ್ನಾ ಮಾಡುತ್ತದೆ, ಕೆಲವು ವರ್ಷ ಇಲ್ಲ. ಯಾವ ವರ್ಷ ಮಾಡುತ್ತದೆ ಎಂಬುದು ನಾಟಿಯ ಹೊತ್ತಿಗೆ ಯಾರಿಗೂ ತಿಳಿದಿರುವುದಿಲ್ಲ. ನನ್ನ ಕೇಳಿದರೆ ಆಟದಲ್ಲಿ ನಿಜವಾದ ಜೂಜುಗಾರ ಇವನೇ. ಲೈಸೆನ್ಸ್ ಇದ್ದೂ ಬ್ಯಾರನ್ ಹಚ್ಚದವರು, ಹಚ್ಚಲು ಸೊಪ್ಪಿದ್ದೂ ಲೈಸೆನ್ಸ್ ಇಲ್ಲದವರು ರಾತ್ರಿ ಹೊತ್ತು ಭೇಟಿಯಾಗಿ ಮಾಡಿಕೊಳ್ಳುವ ಒಪ್ಪಂದಗಳು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಮೂರನೆಯ ವರ್ಗ ಸೊಪ್ಪು ಮುರಿಯುವವಳದು. ನಿಯಮ ಪುಸ್ತಕದಲ್ಲಿ ಆಕೆಯ ಹೆಸರಿಲ್ಲ, ಆದರೆ ಆಕೆ ಒಂದು ವಾರ ಬರದಿದ್ದರೆ ಆಟ ನಿಂತುಹೋಗುತ್ತದೆ. ಬುಡದ ಎಲೆ ಮೊದಲು ಹಣ್ಣಾಗುತ್ತದೆ, ಅಲ್ಲಿಂದ ಮೇಲಕ್ಕೆ ಸರದಿಯಲ್ಲಿ ಮುರಿಯಬೇಕು. ಯಾವುದು ಹಣ್ಣು, ಯಾವುದು ಇನ್ನೂ ಹಸಿ ಎಂದು ಕೈಗೇ ತಿಳಿಯಬೇಕು. ಆಷಾಢದ ಸೋನೆಯಲ್ಲಿ ನೆಂದ ಎಲೆಯನ್ನು ಕಂಕುಳಲ್ಲಿ ಅವುಚಿಕೊಂಡು ನಡೆದರೆ ನಿಕೋಟಿನ್ ಚರ್ಮದೊಳಗೆ ಇಳಿಯುತ್ತದೆ. ತಲೆ ಸುತ್ತು, ವಾಂತಿ, ಊಟ ಸೇರದು. ಒಂದು ಬೀಡಿಯನ್ನೂ ಸೇದದೆ ಹೊಗೆಸೊಪ್ಪಿನ ವಿಷ ಏರಿಸಿಕೊಳ್ಳುವ ವರ್ಗ ಇದೊಂದೇ. ಬೇರೆ ಆಟಗಳಲ್ಲಿ ವಿಷ ಇಳಿಸಲು ಹಸಿರು ಸೀಸೆ ಕೊಡುತ್ತಾರೆ. ಇಲ್ಲಿ ನಿಂಬೆಹಣ್ಣು ಕೊಡುತ್ತಾರೆ, ಮರುದಿನ ಬೆಳಿಗ್ಗೆ ಆರಕ್ಕೆ ಆಟೊ ಮನೆ ಮುಂದೆ ನಿಂತಿರುತ್ತದೆ.

ಬೆಂಕಿ

ಈಗ ಮುಖ್ಯ ವಿದ್ಯೆ. ಬೆಂಕಿಯವನ ವರ್ಗ ಸೇರಬಯಸುವವರು ಇದನ್ನು ನಿಧಾನವಾಗಿ ಓದಿ.

ಬ್ಯಾರನ್ ಎಂದರೆ ಎತ್ತರದ ಚೌಕ ಮನೆ. ಒಳಗೆ ಹಂತಹಂತವಾಗಿ ಅಡ್ಡ ಮರಗಳು, ಅವುಗಳ ಮೇಲೆ ಸೊಪ್ಪು ಕಟ್ಟಿದ ಕೋಲುಗಳು. ಕೋಲಿಗೆ ಎಲೆ ಕಟ್ಟುವ ಹೆಂಗಸರ ಬೆರಳುಗಳ ವೇಗಕ್ಕೆ ಯಾವ ಆಟದ ಗುಂಡಿ ಒತ್ತುವವನೂ ಸಾಟಿಯಿಲ್ಲ. ಹೊರಗಿನ ಗೂಡಿನಲ್ಲಿ ಸೌದೆ ಉರಿಯುತ್ತದೆ, ಶಾಖ ನೆಲದ ಮೇಲೆ ಹಾಯ್ದ ತಗಡಿನ ಕೊಳವೆಯಲ್ಲಿ ಸುತ್ತಿ ಹೊರಹೋಗುತ್ತದೆ. ಹೊಗೆ ಎಲೆಗೆ ತಾಗಕೂಡದು. ಲೋಕಕ್ಕೆಲ್ಲ ಹೊಗೆ ಒದಗಿಸುವ ಸೊಪ್ಪಿಗೆ ತಾನು ಬೇಯುವಾಗ ಮಾತ್ರ ಹೊಗೆ ಆಗದು.

ಮೊದಲ ಹಂತದಲ್ಲಿ 95ರಿಂದ 105 ಡಿಗ್ರಿ ಫ್ಯಾರನ್‌ಹೀಟ್ ಇಟ್ಟು ಎಲೆಯನ್ನು ಹಳದಿಗೆ ತಿರುಗಿಸಬೇಕು. ಇಲ್ಲಿ ಅವಸರ ಮಾಡಿ ಉರಿ ಏರಿಸಿದರೆ ಎಲೆ ಹಸಿರಿನಲ್ಲೇ ಒಣಗಿ ನಿಲ್ಲುತ್ತದೆ, ಮುಂದೆ ದೇವರು ಬಂದರೂ ಹಳದಿಯಾಗದು. ತೇವ ಹೊರಬಿಡದೆ ಉರಿ ಏರಿಸಿದರೆ ಕಂದುಗಪ್ಪಾಗುತ್ತದೆ. ಹಳದಿ ಬಂದ ಮೇಲೆ ಗಾಳಿಗಂಡಿ ತೆರೆದು, ಬಣ್ಣ ಹಿಡಿಯುವಂತೆ ಮೆಲ್ಲಗೆ ಶಾಖ ಹೆಚ್ಚಿಸಬೇಕು. ಕೊನೆಗೆ ನಡುದಂಟು ಪಟ್ಟನೆ ಮುರಿಯುವಂತೆ ಒಣಗಿಸಲು 160ರ ಹತ್ತಿರ. ಒಟ್ಟು ಐದಾರು ದಿನ, ಹಗಲೂ ರಾತ್ರಿ. ಒಂದು ಕೆ.ಜಿ. ಬೆಂದ ಸೊಪ್ಪಿಗೆ ನಾಲ್ಕೈದು ಕೆ.ಜಿ. ಸೌದೆ ಬೇಕು. ಈ ಸೀಮೆಯ ಗುಡ್ಡಗಳು ಬೋಳಾದದ್ದಕ್ಕೂ ಬದುಗಳಲ್ಲಿ ನೀಲಗಿರಿ, ಸಿಲ್ವರ್ ಓಕ್ ಎದ್ದು ನಿಂತದ್ದಕ್ಕೂ ಇದೇ ಲೆಕ್ಕ.

ಎಚ್ಚರಿಕೆ: ಕೋಲಿನಿಂದ ಜಾರಿದ ಒಂದು ಒಣ ಎಲೆ ಕಾದ ಕೊಳವೆಯ ಮೇಲೆ ಬಿದ್ದರೆ ಇಡೀ ಬ್ಯಾರನ್ ಗಂಟೆಯೊಳಗೆ ಬೂದಿ. ರಾತ್ರಿ ಬೆಂಕಿ ಕಾಯಲು ಕೂತ ಹುಡುಗರು ಈಗ ನಿದ್ದೆ ಹೋಗುವುದಿಲ್ಲ, ಫೋನಿನಲ್ಲಿ ಬೇರೆ ಆಟ ಆಡುತ್ತಾರೆ. ಅಲ್ಲಿ ಶತ್ರುವಿನ ಬೆನ್ನು ಹತ್ತಿದಾಗ ಇಲ್ಲಿ ಪಾದರಸ ಹತ್ತು ಡಿಗ್ರಿ ಏರಿದ್ದು ಗೊತ್ತಾಗುವುದಿಲ್ಲ. ಆ ಆಟದಲ್ಲಿ ಸತ್ತರೆ ಅರೆಗಳಿಗೆಯಲ್ಲಿ ಎದ್ದು ಬರಬಹುದು.

ಹರಾಜು

ಹಂಗಾಮಿನ ಕೊನೆಯ ಶತ್ರುವನ್ನು ಎದುರಿಸುವ ಸ್ಥಳ ಇದು. ಎಲೆ ಗಿಡದ ಯಾವ ಭಾಗದ್ದು, ಬಣ್ಣ ಏನು, ಕಲೆ ಎಷ್ಟು ಎಂದು ವಿಂಗಡಿಸಿ ಬೇಲ್ ಕಟ್ಟಿ ತನ್ನಿ. ಬೇಲ್‌ಗಳು ಸಾಲಾಗಿ ಮಲಗುತ್ತವೆ. ಮೊದಲು ಇಲ್ಲಿ ಕೂಗುವವನ ದನಿ ಕೇಳುತ್ತಿತ್ತು, ಈಗ ಇ-ಹರಾಜು. ಖರೀದಿ ಕಂಪನಿಯವರು ಕೈಯಲ್ಲಿ ಪುಟ್ಟ ಯಂತ್ರ ಹಿಡಿದು ಸಾಲಿನ ಪಕ್ಕ ನಡೆಯುತ್ತ ಗುಂಡಿ ಒತ್ತುತ್ತಾರೆ. ಒಂದು ಬೇಲ್‌ಗೆ ಸಿಗುವುದು ಕೆಲವೇ ಸೆಕೆಂಡು. ಸಸಿಮಡಿಗೆ ನೀರು ಚಿಮುಕಿಸಿದ ದಿನದಿಂದ ಲೆಕ್ಕ ಹಾಕಿದರೆ ಎಂಟು ತಿಂಗಳಿಗೆ ಕೆಲವು ಸೆಕೆಂಡು.

ಖರೀದಿದಾರನ ವರ್ಗವನ್ನು ಹೊಸ ಆಟಗಾರರು ಆರಿಸಿಕೊಳ್ಳುವಂತಿಲ್ಲ. ಅವನ ಬಲ ಗುಂಡಿ ಒತ್ತುವುದರಲ್ಲಿಲ್ಲ, ಒತ್ತದೆ ಇರುವುದರಲ್ಲಿದೆ. ಆಗ ಪರದೆಯ ಮೇಲೆ ನೋ ಬಿಡ್ ಎಂದು ಬರುತ್ತದೆ. ಬೆಲೆ ಒಪ್ಪಿಗೆಯಾಗದಿದ್ದರೆ ಬೇಲ್ ವಾಪಸ್ ತೆಗೆದುಕೊಳ್ಳುವ ಹಕ್ಕು ನಿಮಗೂ ಇದೆ. ವಾಪಸ್ ತರಲು ಗೂಡ್ಸ್ ಆಟೊ ಬಾಡಿಗೆ ನಿಮ್ಮದು.

“ಯಾಕ್ಲಾ, ಬೇಲ್ ವಾಪಸ್ ತಂದ್‌ಬುಟ್ಟೆ?”

“ನೋ ಬಿಡ್ ಕಣಣ್ಣೋ.”

“ನಂದೂ ಅದೇ ಮಡಿ ಸಸಿ ಕಣ್ಲಾ. ಇನ್ನೂರ ನಲವತ್ತು ಒತ್ತುದ್ರಲ್ಲ!”

“ನಿಂಗೆ ಬೆಳಿಗ್ಗೆ ಒತ್ತುದ್ರು. ನಂದು ಸರದಿ ಬಂದಿದ್ದು ಅವರ ಊಟ ಆದ್ಮೇಲೆ.”

ಬೆಲೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂದು ಹೊಸಬರು ಕೇಳುತ್ತಾರೆ. ಬ್ರೆಜಿಲ್‌ನಲ್ಲಿ, ಜಿಂಬಾಬ್ವೆಯಲ್ಲಿ ಮಳೆ ಕೈಕೊಟ್ಟರೆ ಕಗ್ಗುಂಡಿಯಲ್ಲಿ ಬೆಲೆ. 2023-24ರ ಹಂಗಾಮಿನಲ್ಲಿ ಸರಾಸರಿ ಕೆ.ಜಿ.ಗೆ 250 ರೂಪಾಯಿ ದಾಟಿತು, ಊರೂರಲ್ಲಿ ಹೊಸ ಟ್ರ್ಯಾಕ್ಟರ್ ಬಂತು. ಹಾಗೆಂದು ಬ್ರೆಜಿಲ್ ರೈತನಿಗೆ ಕೇಡು ಬಯಸಬೇಡಿ, ಅವನೂ ಅಲ್ಲಿ ಕೂತು ನಮ್ಮ ಮುಂಗಾರಿನ ಸುದ್ದಿ ಕೇಳುತ್ತಿರುತ್ತಾನೆ.

ಬೆಲೆ ತೀರಾ ಬಿದ್ದಾಗ ಬಳಸಲು ಒಂದು ಸಾಮೂಹಿಕ ಅಸ್ತ್ರವಿದೆ: ಹರಾಜು ನಿಲ್ಲಿಸುವುದು. ಎಲ್ಲ ವರ್ಗದವರೂ ಸೇರಿ ಕಟ್ಟೆಯಿಂದ ಹೊರಬಂದು ಮೈಸೂರು–ಮಡಿಕೇರಿ ರಸ್ತೆಯಲ್ಲಿ ಕೂರುತ್ತಾರೆ. ಆಗ ತಾನಾಗಿ ಪ್ರತ್ಯಕ್ಷವಾಗುವ ಬಿಳಿ ಅಂಗಿಯ ಪಾತ್ರಗಳೊಡನೆ ಮಾತಾಡಿ. ಅವರ ಬಳಿ ಇರುವ ಸಂಭಾಷಣೆ ಸೀಮಿತ, ಪ್ರತಿ ವರ್ಷ ಅದೇ.

2015ರಲ್ಲಿ ಬೆಲೆ ಬಿದ್ದಾಗ ಆಂಧ್ರದ ಪ್ರಕಾಶಂ ಜಿಲ್ಲೆಯಲ್ಲೂ ಈ ತಾಲ್ಲೂಕುಗಳಲ್ಲೂ ಬೆಳೆಗಾರರು ಜೀವ ತೆಗೆದುಕೊಂಡರು. ಈ ವಾಕ್ಯಕ್ಕೆ ಕೈಪಿಡಿಯ ಭಾಷೆ ಒಗ್ಗುವುದಿಲ್ಲ, ಇದ್ದಂತೆಯೇ ಬಿಟ್ಟಿದ್ದೇನೆ.

ಆಟದಿಂದ ಹೊರಬರುವ ವಿಧಾನ

ಹೊರಬರುವ ಗುಂಡಿ ಅಧಿಕೃತವಾಗಿ ಇದೆ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2004ರಲ್ಲೇ ಒಪ್ಪಿಗೆ ಕೊಟ್ಟಿದೆ. ಬೆಳೆಗಾರರಿಗೆ ಬೇರೆ ದಾರಿ ತೋರಿಸಬೇಕೆಂಬುದೂ ಅದರಲ್ಲಿದೆ. ಹೀಗಾಗಿ ದೆಹಲಿಯಲ್ಲಿ ಒಂದು ಸಚಿವಾಲಯ ಈ ವರ್ಷ ಕರ್ನಾಟಕದಲ್ಲಿ ಎಷ್ಟು ಕೋಟಿ ಕೆ.ಜಿ. ಬೆಳೆಯಬೇಕೆಂದು ತೀರ್ಮಾನಿಸುತ್ತಿರುವಾಗ, ಅದೇ ಊರಿನ ಇನ್ನೊಂದು ಸಚಿವಾಲಯ ಸಿಗರೇಟು ಪೊಟ್ಟಣದ ಮುಖದ ಶೇಕಡಾ 85ರಷ್ಟು ಜಾಗದಲ್ಲಿ ಕ್ಯಾನ್ಸರಿನ ಚಿತ್ರ, ಎಚ್ಚರಿಕೆಯ ಮಾತು ಅಚ್ಚು ಹಾಕಿಸುತ್ತದೆ. ಇಬ್ಬರೂ ಸಂಬಳ ಪಡೆಯುವುದು ಒಂದೇ ಖಜಾನೆಯಿಂದ.

ಗುಂಡಿ ಒತ್ತಿದವರು ಶುಂಠಿಗೆ ಹೋದರು. ಕೇರಳದವರು ಬಂದು ಹೊಲ ಗುತ್ತಿಗೆ ಹಿಡಿದು ಶುಂಠಿ ಹಾಕಿ ಹಣ ಮಾಡಿದ್ದನ್ನು ಕಣ್ಣಾರೆ ಕಂಡಿದ್ದರು. ಬೆಲೆ ಇದ್ದ ವರ್ಷ ಮನೆ ಕಟ್ಟಿದರು, ಕೊಳೆರೋಗ ಬಂದ ವರ್ಷ ಕಟ್ಟಿದ ಮನೆಯನ್ನು ಅಡವಿಟ್ಟರು. ಮುಸುಕಿನ ಜೋಳ, ಹತ್ತಿ, ಬಾಳೆ, ಎಲ್ಲವನ್ನೂ ನೋಡಿದವರಿದ್ದಾರೆ. ಬೆಳೆದದ್ದನ್ನು ತೂಕ ಹಾಕಿ, ದರ್ಜೆ ಬರೆದು, ಖಾತೆಗೆ ಹಣ ಹಾಕುವ ಕಟ್ಟೆ ಅವುಗಳಿಗೆ ಇರಲಿಲ್ಲ. ಹೊಗೆಸೊಪ್ಪನ್ನು ಬಯ್ಯುವವರು ಈ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸೊಪ್ಪು ಮುರಿದ ಹೊಲಕ್ಕೆ ಬಿತ್ತುವ ರಾಗಿ ಮಾತ್ರ ಯಾರ ಹಂಗಿಲ್ಲದೆ ಬರುತ್ತದೆ, ಉಳಿದ ಗೊಬ್ಬರವನ್ನೇ ಉಂಡು. ಅದಕ್ಕೆ ಲೈಸೆನ್ಸ್ ಬೇಡ, ಗ್ರೇಡು ಇಲ್ಲ, ಹೆಚ್ಚಿನ ಮನೆಗಳಲ್ಲಿ ಮಾರುವುದೂ ಇಲ್ಲ.

ಇಷ್ಟಾದ ಮೇಲೂ ಹೊರಬರುವುದೇ ನಿಶ್ಚಯವಾದರೆ ಕ್ರಮ ಹೀಗಿದೆ. ತಗಡಿನ ಕೊಳವೆಗಳನ್ನು ಗುಜರಿಯವನಿಗೆ ತೂಕಕ್ಕೆ ಕೊಡಿ. ಕೋಲುಗಳನ್ನು ಪಕ್ಕದ ಹೊಲದವನು ಕೇಳುತ್ತಾನೆ, ಕೊಟ್ಟುಬಿಡಿ. ಬ್ಯಾರನ್‌ನಲ್ಲಿ ಹುಲ್ಲು ತುಂಬಬಹುದು, ಗೋಡೆಗಳು ಗಟ್ಟಿ ಇವೆ. ಲೈಸೆನ್ಸ್ ಕೇಳುವವರನ್ನು ಎಲ್ಲೂ ಹುಡುಕಬೇಕಿಲ್ಲ. ನೀವು ಮನೆಯಲ್ಲಿ ಹೆಂಡತಿಗೆ ಹೇಳುವ ಮೊದಲೇ ಇಬ್ಬರು ಬಂದು ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿರುತ್ತಾರೆ.