ಭಾವನ ಪದ್ಮಿನಿ

ರಾಂಜಣಗಾಂವದ ಫಿಯೆಟ್ ಕಾರ್ಖಾನೆಯಿಂದ 2017ರಿಂದ ಥಳಥಳಿಸುವ ಜೀಪ್ ಕಂಪಾಸ್‌ಗಳು ಹೊರಬರುತ್ತಿವೆ. ಅಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ಇನ್ನೊಂದು ಕಂಪನಿಯಲ್ಲಿರುವ ನಮ್ಮ ಧಾರವಾಡದ ಭಾವ ಮಾತ್ರ ಡ್ಯೂಟಿಗೆ ಹೋಗುವುದು ಪ್ರೀಮಿಯರ್ ಪದ್ಮಿನಿಯಲ್ಲಿ. ಅದೂ ಮೂಲತಃ ಫಿಯೆಟ್ಟೇ. ಕುರ್ಲಾದಲ್ಲಿ ತಯಾರಾಗುತ್ತಿತ್ತು, 1974ರಲ್ಲಿ ಪದ್ಮಿನಿ ಎಂದು ನಾಮಕರಣವಾಯಿತು.

1089 ಸಿಸಿ ಎಂಜಿನ್ನನ್ನು ಭಾವ ಮುಟ್ಟಿಲ್ಲ. ಎಂಜಿನ್ ಬದಲಿಸಿದರೆ ಆರ್‌ಟಿಓ ಮೆಟ್ಟಿಲು ಹತ್ತಬೇಕಲ್ಲ! ಡೈನಮೋ ತೆಗೆಸಿ ಆಲ್ಟರ್ನೇಟರ್ ಕೂಡಿಸಿದ, ಸೀಟ್ ಬೆಲ್ಟ್ ಹಾಕಿಸಿದ. ಆದರೆ ನಿಜವಾದ ಪುಣ್ಯದ ಕೆಲಸ ಕರೆಂಟ್ ಫ್ಯಾನು. ಹಳೇ ಫ್ಯಾನು ಬೆಲ್ಟಿನ ಮೇಲೆ ತಿರುಗುವಂಥದ್ದು. ಗಾಡಿ ನಿಂತು ಎಂಜಿನ್ ನಿಧಾನವಾದರೆ ಅದೂ ನಿಧಾನ. ಶಿಕ್ರಾಪುರದ ಟ್ರಾಫಿಕ್ಕಿನಲ್ಲಿ ರೇಡಿಯೇಟರ್ ಮೇಲೆ ಚಹಾ ಕಾಯಿಸಬಹುದಿತ್ತು. ಈಗ ಬಾನೆಟ್ ಒಳಗೆ ಗುರ್ರೆಂದು ಸ್ವತಂತ್ರ ಗಾಳಿ.

ಸ್ಟೇರಿಂಗ್ ಪಕ್ಕದ ಗೇರನ್ನು ಮಾತ್ರ ಬದಲಿಸಲಿಲ್ಲ. ಪಾರ್ಕಿಂಗ್ ಹುಡುಗರು ಕೆಳಗೆ ಕೈಹಾಕಿ ಗೇರು ಹುಡುಕಿ, ಬೆಪ್ಪಾಗಿ ಕೀಲಿ ವಾಪಸು ಕೊಡುತ್ತಾರೆ. ಕಳ್ಳರ ಗತಿಯೂ ಅದೇ ಎಂದು ಭಾವನ ಧೈರ್ಯ.

ಮಹಾಗಣಪತಿ ಗುಡಿಗೆ ಹೊರಟಾಗ ಅಕ್ಕ ಕೇಳಿದಳು: "ಇಷ್ಟೆಲ್ಲಾ ಮಾಡಿಸೀರಿ, ಒಂದ್ ಏಸಿ ಹಾಕಸ್ರಲಾ?"

"ಎಂಜಿನ್ನಿಗೆ ಭಾರ ಆಗ್ತದ ಮಾರಾಯ್ತಿ. ಏಸಿ ಹಾಕಿದ್ರ ಏರಿನಾಗ ನೀ ಇಳೀಬೇಕಾಗ್ತದ."

ಅಕ್ಕ ಕಿಟಕಿಯ ಮುಂದಿನ ಮುಕ್ಕೋನದ ಗಾಜು ತಿರುಗಿಸಿ, ಗಾಳಿಗೆ ಮುಖವೊಡ್ಡಿದಳು. "ನಡೀರಿ. ಇಳಿಯೂದಾದ್ರ ಇಬ್ರೂ ಇಳಿಯೂಣು."