ದೋಣೀಖಂಡಖಾದ್ಯಕಂ

ಅಥಾತೋ ಖಂಡಜಿಜ್ಞಾಸಾ.

‘ಅಥ’ ಎಂದರೆ ಆಮೇಲೆ. ಯಾವುದರ ಆಮೇಲೆ? ವೇದಾಧ್ಯಯನ ಮುಗಿದ ಆಮೇಲೆ ಎನ್ನುವವರಿದ್ದಾರೆ, ಅದು ಬೇರೆ ಶಾಸ್ತ್ರದ ಮಾತು. ಇಲ್ಲಿ ಪೆಟ್ಟಿಗೆಯ ಐಸು ಕರಗಿದ ಆಮೇಲೆ ಎಂದೇ ತಿಳಿಯತಕ್ಕದ್ದು. ‘ಅತಃ’ ಎಂದರೆ ಆದಕಾರಣ: ಮುಂದೆ ಆರು ದಿನ ಅಂಗಡಿಯಿಲ್ಲ, ರಸ್ತೆಯಿಲ್ಲ, ಕರೆಂಟಿಲ್ಲ, ಆದಕಾರಣ. ‘ಜಿಜ್ಞಾಸಾ’ ಎಂದರೆ ತಿಳಿಯುವ ಆಸೆ. ಹಸಿದವನಲ್ಲಿ ಇದು ಬೇಗ ಹುಟ್ಟುತ್ತದೆ. ಉಳಿದದ್ದು ‘ಖಂಡ’. ತಕರಾರಿರುವುದು ಇದರ ಮೇಲೆಯೇ.

ಬ್ರಹ್ಮಗುಪ್ತನು ಕ್ರಿ.ಶ. 665ರಲ್ಲಿ ‘ಖಂಡಖಾದ್ಯಕ’ ಎಂಬ ಗ್ರಂಥ ಬರೆದ. ಕಲ್ಲುಸಕ್ಕರೆಯ ತಿನಿಸು ಎಂದು ಪಂಡಿತರು ಅರ್ಥ ಹೇಳುತ್ತಾರೆ. ಒಳಗೆ ನೋಡಿದರೆ ತಿನ್ನುವಂಥದ್ದೇನೂ ಇಲ್ಲ, ಬರೀ ಗ್ರಹಗತಿ. ಸಕ್ಕರೆ ನಾಡಾದ ಮಂಡ್ಯದ ಕಡೆಯವನಾದ್ದರಿಂದ ಈ ಲೇಖಕನಿಗೆ ಇಲ್ಲಿ ಬಾಯಿ ಹಾಕುವ ಹಕ್ಕಿದೆ: ನಮ್ಮಲ್ಲಿ ಸಕ್ಕರೆಗೆ ಸಕ್ಕರೆ ಎನ್ನುತ್ತೇವೆ, ಖಂಡಕ್ಕೆ ಖಂಡ ಎನ್ನುತ್ತೇವೆ, ಎರಡನ್ನೂ ಬೆರೆಸುವವನನ್ನು ಬಾಡೂಟಕ್ಕೆ ಕರೆಯುವುದಿಲ್ಲ. ಆದ್ದರಿಂದ ಪ್ರಸ್ತುತ ಗ್ರಂಥದಲ್ಲಿ ಖಂಡವೆಂದರೆ ಉಪ್ಪು ಹಾಕಿ ಒಣಗಿಸಿದ ಮಾಂಸ. ದೋಣಿಯೆಂದರೆ ಕನೂ ಎಂಬ ಹಗುರ ನಾವೆ.

ಪೂರ್ವಸೂರಿಗಳಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನನ್ನು ಸ್ಮರಿಸಬೇಕು. ಹನ್ನೆರಡನೆಯ ಶತಮಾನದ ಅವನ ‘ಮಾನಸೋಲ್ಲಾಸ’ದಲ್ಲಿ ಕರುಳಿನೊಳಗೆ ಮಸಾಲೆ ತುಂಬಿ ಕೆಂಡದ ಮೇಲೆ ಸುಡುವ ಪಾಕವಿದೆ. ಸಾಸೇಜಿನ ಕುಲದ್ದೇ, ಸಂಶಯವಿಲ್ಲ. ಆದರೆ ಅದನ್ನು ಪ್ರಮಾಣವಾಗಿ ಸ್ವೀಕರಿಸಲಾಗದು. ಅರಸನ ಹಿಂದೆ ಅಡುಗೆಯವರ ದಂಡೇ ಇತ್ತು. ದೋಣಿಯನ್ನು ತಲೆಯ ಮೇಲೆ ಹೊತ್ತು ಕೆಸರಲ್ಲಿ ನಡೆದ ಅನುಭವ ಅವನಿಗಿರಲಿಲ್ಲ.

ಈ ಲೇಖಕನಿಗೆ ಇದೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ತುದಿಯಲ್ಲಿ, ಕೆನಡಾದ ಗಡಿಗೆ ಅಂಟಿಕೊಂಡು ಬೌಂಡರಿ ವಾಟರ್ಸ್ ಎಂಬ ಕಾಡಿದೆ. ಹನ್ನೊಂದು ಲಕ್ಷ ಎಕರೆ ವಿಸ್ತಾರ, ಸಾವಿರಕ್ಕೂ ಮಿಕ್ಕ ಸರೋವರ. ಗುಂಪಿಗೆ ಒಂಬತ್ತೇ ಜನ, ನಾಲ್ಕೇ ದೋಣಿ ಎಂದು ನಿಯಮ. ಹತ್ತನೆಯವನು ಎಷ್ಟೇ ದೊಡ್ಡ ವಿದ್ವಾಂಸನಾಗಲಿ, ದಡದಲ್ಲೇ ಕೂರಬೇಕು. ಅಳಿಯನ ಗುಂಪಿಗೆ ಒಂಬತ್ತನೆಯವನಾಗಿ ನಾನು ಸೇರಿದೆ. ಒಂದು ಸರೋವರದಿಂದ ಇನ್ನೊಂದಕ್ಕೆ ನೀರಿಲ್ಲದ ಕಡೆ ದೋಣಿ ನಮ್ಮನ್ನು ಹೊರುವ ಬದಲು ನಾವು ದೋಣಿಯನ್ನು ಹೊರುತ್ತೇವೆ. ಇದಕ್ಕೆ ಪೋರ್ಟೇಜ್ ಎಂದು ಹೆಸರು, ಅಳತೆಗೆ ರಾಡ್ ಎಂಬ ಹಳೆಯ ಮಾನ. ರಾಡಿಗೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ದೋಣಿಯುದ್ದ. 320 ರಾಡು ಸೇರಿದರೆ ಮೈಲಿ. ನೂರು ರಾಡು ಕಳೆದ ಮೇಲೆ ಬೆನ್ನ ಮೇಲಿನ ಪ್ರತಿಯೊಂದು ತಿನಿಸಿನ ತೂಕವೂ ತಾತ್ತ್ವಿಕ ಪ್ರಶ್ನೆಯಾಗುತ್ತದೆ.

ಇನ್ನು ಪೂರ್ವಪಕ್ಷ. ಡಬ್ಬಿವಾದಿಗಳ ಮತವಿದು: ತಗಡಿನ ಡಬ್ಬಿಯೊಳಗಿನ ಮಾಂಸ ವರ್ಷಗಟ್ಟಲೆ ಕೆಡದು, ಅದನ್ನೇ ಒಯ್ಯಿರಿ. ಖಂಡನೆ ಸುಲಭ. ಈ ಕಾಡಿಗೆ ತಿನಿಸಿನ ಡಬ್ಬಿ, ಗಾಜಿನ ಬಾಟಲಿ ನಿಷಿದ್ಧ. ಸೊಳ್ಳೆಯ ಔಷಧಿಗೆ, ಕಾಯಿಲೆಯ ಔಷಧಿಗೆ ವಿನಾಯಿತಿಯುಂಟು. ಮಾವಿನ ಮಿಡಿ ಉಪ್ಪಿನಕಾಯಿ ಔಷಧಿಯೇ ಎಂದು ನಾನು ಹೂಡಿದ ವಾದ ಅಳಿಯನ ಮುಂದೆಯೇ ಬಿದ್ದುಹೋಯಿತು. ಇಲ್ಲೊಂದು ವಿಡಂಬನೆ. ಜಗತ್ತಿನ ಅತಿ ಪ್ರಸಿದ್ಧ ಡಬ್ಬಿಮಾಂಸವಾದ ಸ್ಪ್ಯಾಮ್ 1937ರಲ್ಲಿ ಹುಟ್ಟಿದ್ದು ಇದೇ ಮಿನ್ನೆಸೋಟದ ಆಸ್ಟಿನ್ ಎಂಬ ಊರಿನಲ್ಲಿ. ತವರಿನ ಕಾಡಿಗೆ ಡಬ್ಬಿಯುಟ್ಟು ಬರುವಂತಿಲ್ಲ. ಪೊಟ್ಟಣದ ವೇಷ ಹಾಕಿಕೊಂಡರೆ ಅಡ್ಡಿಯಿಲ್ಲ.

ಎರಡನೆಯವರು ಧೂಮವಾದಿಗಳು. ತರ್ಕಶಾಸ್ತ್ರದಲ್ಲಿ ಹೊಗೆಯಿದ್ದಲ್ಲಿ ಬೆಂಕಿಯೆಂದು ಅನುಮಾನಿಸುವಂತೆ, ಹೊಗೆಯಾಡಿಸಿದ್ದೆಲ್ಲ ಕೆಡದು ಎಂದು ಇವರು ಅನುಮಾನಿಸುತ್ತಾರೆ. ಈ ಲೇಖಕನೂ ಒಂದು ಕಾಲಕ್ಕೆ ಇದೇ ಮತದವನಾಗಿದ್ದನೆಂದು ಒಪ್ಪಿಕೊಳ್ಳಬೇಕು. ಹೊರಡುವ ಹಿಂದಿನ ದಿನ ಒಂದು ದೊಡ್ಡ ಅಂಗಡಿಯಲ್ಲಿ, ಕಂಚಿನ ಬಣ್ಣಕ್ಕೆ ತಿರುಗಿ ಕುದುರೆ ಲಾಳದಂತೆ ಬಾಗಿದ್ದ, ಹೊಗೆಯ ಘಮಲು ಹೊಡೆಯುವ ಕೀಲ್ಬಾಸ ಎಂಬ ಪೋಲಿಷ್ ಸಾಸೇಜನ್ನು ಕಂಡು ಮನಸೋತೆ. ‘ಮಾವ, ಲೇಬಲ್ ಓದಿದ್ರಾ?’ ಎಂದ ಅಳಿಯ. ನಲವತ್ತು ವರ್ಷ ಶಾಸನ ಓದಿದವನಿಗೆ ಈ ಪ್ರಶ್ನೆ! ಮೂರನೆಯ ದಿನ ಅದು ಬೆವರಿತು, ಆಮೇಲೆ ಲೋಳೆ ಬಿಟ್ಟಿತು, ಸಂಜೆಗೆ ಮಾತಾಡತೊಡಗಿತು. ಎಸೆಯುವಂತಿಲ್ಲ, ಹೂಳುವಂತಿಲ್ಲ, ಕರಡಿಯ ಕಾಡು, ತಂದದ್ದನ್ನು ತಂದವನೇ ಹೊತ್ತೊಯ್ಯಬೇಕು. ಉಳಿದ ಮೂರು ದಿನ, ಏಳು ಪೋರ್ಟೇಜು, ಮೂರು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ನನ್ನ ಪೂರ್ವಪಕ್ಷವನ್ನು ನಾನೇ ಹೊತ್ತೆ. ಪ್ರತ್ಯಕ್ಷ ಪ್ರಮಾಣಕ್ಕೆ ಇಷ್ಟು ತೂಕವಿರುತ್ತದೆಂದು ಗೊತ್ತಿರಲಿಲ್ಲ.

ನಿರ್ವಾತವಾದಿಗಳದ್ದು ಒಂದೇ ಸಾಲಿನಲ್ಲಿ ಮುಗಿಯುತ್ತದೆ: ಪೊಟ್ಟಣದಿಂದ ಗಾಳಿ ಹೀರಿದರೆ ಗಾಳಿ ಹೋಗುತ್ತದೆ, ನೀರು ಹೋಗುವುದಿಲ್ಲ. ಅಷ್ಟೇ ಅಲ್ಲ, ಗಾಳಿಯಿಲ್ಲದ ಜಾಗವನ್ನೇ ಇಷ್ಟಪಡುವ ಒಂದು ಬ್ಯಾಕ್ಟೀರಿಯವಿದೆ. ಅದು ತರುವ ರೋಗದ ಹೆಸರು ಬಾಟ್ಯುಲಿಸಂ. ಲ್ಯಾಟಿನ್ನಿನಲ್ಲಿ ‘ಬೊಟುಲುಸ್’ ಎಂದರೆ ಸಾಸೇಜು. ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ವೈದ್ಯ ಯುಸ್ಟಿನುಸ್ ಕೆರ್ನರ್ 1820ರಲ್ಲೂ 1822ರಲ್ಲೂ ಸಾಸೇಜು ವಿಷದ ಮೇಲೆ ಗ್ರಂಥ ಬರೆದ, ಕೆಟ್ಟ ಸಾಸೇಜಿನ ಸಾರವನ್ನು ತನ್ನ ನಾಲಗೆಯ ಮೇಲೆಯೇ ಪ್ರಯೋಗಿಸಿ ನೋಡಿದ. ಈತ ಪ್ರಸಿದ್ಧ ಕವಿಯೂ ಹೌದು. ನಮ್ಮ ಕವಿಗಳು ವಿಷವೆಂದರೆ ವಿರಹವೆಂದುಕೊಂಡು ಸುಮ್ಮನಾದದ್ದು ಕ್ಷೇಮ.

ನಾಮವಾದಿಗಳು ಎಲ್ಲರಿಗಿಂತ ಅಪಾಯಕಾರಿ, ಏಕೆಂದರೆ ಅವರು ನನ್ನ ಹಾಗೆ ಭಾಷಾಶಾಸ್ತ್ರಜ್ಞರು. ಸಲಾಮಿ ಬಂದದ್ದು ಇಟಲಿಯ ‘ಸಾಲೆ’ಯಿಂದ, ಅಂದರೆ ಉಪ್ಪು. ಸಾಸೇಜು ಲ್ಯಾಟಿನ್ನಿನ ‘ಸಾಲ್ಸುಸ್’ನಿಂದ, ಅಂದರೆ ಉಪ್ಪುಹಾಕಿದ್ದು. (ಸಾಸಿವೆಯಿಂದ ಬಂದಿರಬಹುದೆಂಬ ನನ್ನ ಹಳೆಯ ಮತವನ್ನು ಹಿಂದಕ್ಕೆ ಪಡೆದಿದ್ದೇನೆ.) ಜರ್ಕಿ ದಕ್ಷಿಣ ಅಮೆರಿಕದ ಕೆಚುವಾ ಭಾಷೆಯ ‘ಚಾರ್ಕಿ’. ಎಲ್ಲ ಸರಿ, ಆದರೆ ಹೆಸರು ನಂಬಿ ಕೊಂಡವನು ಕೆಡುತ್ತಾನೆ. ಸ್ಪೇನಿನ ಚೊರಿಸೊ ಹೆಚ್ಚಾಗಿ ಒಣಗಿಸಿದ್ದು, ಅಂಥದ್ದನ್ನು ಹೋಳು ಮಾಡಿ ಹಾಗೇ ತಿನ್ನಬಹುದು. ಅದೇ ಹೆಸರಿನ ಮೆಕ್ಸಿಕೋದ ಚೊರಿಸೊ ಸಾಮಾನ್ಯವಾಗಿ ಹಸಿಮಾಂಸ. ಸಮ್ಮರ್ ಸಾಸೇಜು ಬೇಸಿಗೆಯಲ್ಲಿ ಮಾಡಿದ್ದಲ್ಲ, ಫ್ರಿಜ್ಜಿಲ್ಲದ ಕಾಲದಲ್ಲಿ ಬೇಸಿಗೆಗೆಂದು ಮಾಡಿಟ್ಟದ್ದು. ಇಂದು ಅದೇ ಹೆಸರಿನಲ್ಲಿ ಫ್ರಿಜ್ಜಿಲ್ಲದೆ ಬದುಕದ ತಳಿಗಳೂ ಬಂದಿವೆ. ಬೇಕನ್ನಿನ ಕಥೆ ಹೇಳದಿರುವುದೇ ಒಳ್ಳೆಯದು. ಹಿಂದೆ ಅದನ್ನು ಉಪ್ಪಿನಲ್ಲಿ ಹೂಳುತ್ತಿದ್ದರು. ಈಗ ಉಪ್ಪುನೀರನ್ನು ಸೂಜಿಯಿಂದ ಒಳಗೆ ಚುಚ್ಚುತ್ತಾರೆ, ನೀರು ತೆಗೆಯಬೇಕಾದಲ್ಲಿ ನೀರು ತುಂಬುತ್ತಾರೆ.

ಸಿದ್ಧಾಂತಕ್ಕೆ ಬಂದೆವು. ಕೆಡಿಸುವುದು ನೀರು. ನೀರೆಂದರೆ ಇರುವ ನೀರಲ್ಲ, ಬಿಡುವಾಗಿರುವ ನೀರು. ಮನೆಯಲ್ಲಿ ಹತ್ತು ಲಕ್ಷವಿದ್ದರೂ ಅದೆಲ್ಲ ಠೇವಣಿಯಲ್ಲಿ ಸಿಕ್ಕಿಕೊಂಡಿದ್ದರೆ ಸಾಲ ಕೇಳಲು ಬಂದ ದಾಯಾದಿ ಬರಿಗೈಯಲ್ಲಿ ಹೋಗುತ್ತಾನಲ್ಲವೇ? ಹಾಗೆಯೇ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಾಳಿ ಉಳಿದದ್ದನ್ನು ಒಯ್ಯುತ್ತದೆ, ಬ್ಯಾಕ್ಟೀರಿಯ ಬಾಗಿಲಲ್ಲಿ ನಿಂತು ಒಣಗುತ್ತದೆ. ಇದನ್ನು ಅಳೆಯುವ ಮಾನಕ್ಕೆ ಜಲಚಟುವಟಿಕೆ ಎನ್ನೋಣ. ಶುದ್ಧ ನೀರಿಗೆ 1, ಹಸಿಮಾಂಸಕ್ಕೆ ಸುಮಾರು 0.99. 0.85ಕ್ಕೆ ಇಳಿದರೆ ರೋಗ ತರುವ ಬ್ಯಾಕ್ಟೀರಿಯಗಳ ಆಟ ನಿಂತಿತೆಂದು ಅಮೆರಿಕದ ಆಹಾರ ನಿಯಮಗಳು ಗೆರೆ ಎಳೆದಿವೆ. ಅಲ್ಲಿಯ ಮಾಂಸದ ಇಲಾಖೆ ಇನ್ನೊಂದು ಲೆಕ್ಕವನ್ನೂ ಇಟ್ಟುಕೊಂಡಿದೆ: ಒಂದು ಪಾಲು ಪ್ರೋಟೀನಿಗೆ ಎಷ್ಟು ಪಾಲು ತೇವ? ಪೆಪ್ಪರೋನಿಗೆ 1.6, ಜರ್ಕಿಗೆ 0.75, ಅದಕ್ಕೆ ಮೀರಕೂಡದು. ಹುಳಿಯೂ ಇದಕ್ಕೆ ಜೊತೆಗಾರ. ಸಲಾಮಿಯ ಹುಳಿ ಬರುವುದು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳಿಂದ. ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವವರ ಸೋದರ ಸಂಬಂಧಿಗಳವು. ಸಲಾಮಿಯ ಮೈಮೇಲಿನ ಬಿಳಿಯ ಪುಡಿ ವಿಭೂತಿಯಲ್ಲ, ಪೆನಿಸಿಲಿಯಂ ಕುಲದ ಬೂಷ್ಟು, ಬೇಕೆಂದೇ ಬೆಳೆಸಿದ್ದು. ಬಿಳಿಯಾಗಿರುವ ತನಕ ಭಯವಿಲ್ಲ. ಕಪ್ಪು ಬಣ್ಣವೋ ಲೋಳೆಯೋ ಕಂಡರೆ ನನ್ನ ಕೀಲ್ಬಾಸವನ್ನು ನೆನೆಯಿರಿ.

ಆದರೆ ಅಂಗಡಿಯಲ್ಲಿ ನಿಂತವನ ಕೈಯಲ್ಲಿ ಜಲಚಟುವಟಿಕೆ ಅಳೆಯುವ ಯಂತ್ರವಿರುವುದಿಲ್ಲ. ಅವನಿಗೆ ಪ್ರಮಾಣ ಯಾವುದು? ಅಂಗಡಿಯವನ ಮಾತು ಸ್ಮೃತಿ. ಸಲಾಮಿಯನ್ನು ವಿನೆಗರ್ ಬಟ್ಟೆಯಲ್ಲಿ ಸುತ್ತಬೇಕೆಂಬ ಹಳೆಯ ದೋಣಿಗರ ಪದ್ಧತಿ ಶಿಷ್ಟಾಚಾರ. ಲೇಬಲ್ಲಿನ ಸಣ್ಣಕ್ಷರವೇ ಶ್ರುತಿ, ಮೂರರಲ್ಲಿ ವಿರೋಧ ಬಂದರೆ ಶ್ರುತಿಯೇ ಬಲವತ್ತರ. ‘ಕೀಪ್ ರೆಫ್ರಿಜರೇಟೆಡ್’ ಎಂಬುದು ನಿತ್ಯವಿಧಿ. ಅಂಥದ್ದನ್ನು ಕಲ್ಲಿನಂತೆ ಹೆಪ್ಪುಗಟ್ಟಿಸಿ ಒಯ್ದು ಮೊದಲ ರಾತ್ರಿಯೇ ಮುಗಿಸಬೇಕು. ‘ರೆಫ್ರಿಜರೇಟ್ ಆಫ್ಟರ್ ಓಪನಿಂಗ್’ ಎಂಬುದು ನೈಮಿತ್ತಿಕ, ಬಿಚ್ಚಿದರೆ ಮಾತ್ರ ಅನ್ವಯ. ಬಿಚ್ಚದೆ ತಿನ್ನುವುದು ಹೇಗೆ ಎಂದು ಮೀಮಾಂಸಕರು ಕೇಳಬಹುದು. ಪರಿಹಾರವಿದೆ: ಒಂದೇ ಸಲಕ್ಕೆ ಮುಗಿಯುವಷ್ಟು ಸಣ್ಣ ಸಣ್ಣ ಸಲಾಮಿ ಕೊಳ್ಳಿ, ಬಿಚ್ಚಿದ್ದು ಉಳಿಯದಿದ್ದರೆ ವಿಧಿಗೆ ವಿಷಯವೇ ಇಲ್ಲ. ಜರ್ಮನಿ, ಸ್ವಿಟ್ಜರ್ಲೆಂಡಿನ ಕಡೆಯ ಲಾಂಡ್‌ಯೇಗರ್ ಇದಕ್ಕೆ ಹೇಳಿ ಮಾಡಿಸಿದ್ದು. ಚಪ್ಪಟೆ, ಒಣಕಲು, ಜೋಡಿ ಜೋಡಿಯಾಗಿ ಬರುತ್ತದೆ, ಜೇಬಿನಲ್ಲಿಟ್ಟರೂ ಸರಿ. ರುಚಿಯಲ್ಲಿ ಪೆಪ್ಪರೋನಿ ಮೇಲೆಂಬ ಅಳಿಯನ ಮತವನ್ನು ಇಲ್ಲಿ ದಾಖಲಿಸಿ ತಿರಸ್ಕರಿಸಲಾಗಿದೆ.

ಇತಿಹಾಸದ ಸಾಕ್ಷ್ಯವೂ ಬೇಕಲ್ಲ. ಇದೇ ನೀರಿನಲ್ಲಿ ಇನ್ನೂರೈವತ್ತು ವರ್ಷದ ಕೆಳಗೆ ತುಪ್ಪುಳದ ವ್ಯಾಪಾರದ ದೋಣಿಗಳು ಓಡಾಡುತ್ತಿದ್ದವು. ಅವನ್ನು ನಡೆಸುವ ವೋಯಾಜರ್ ಎಂಬ ಫ್ರೆಂಚ್ ಕೆನಡಿಯನ್ ಆಳುಗಳು ತೊಂಬತ್ತು ಪೌಂಡಿನ ಮೂಟೆಗಳನ್ನು ಎರಡೆರಡಾಗಿ ಹೊರುತ್ತಿದ್ದರು. ಅವರಲ್ಲಿ ಎರಡು ಮತ. ಮಾಂಟ್ರಿಯಲ್ಲಿನಿಂದ ಬಂದು ಹಿಂತಿರುಗುವವರು ಉಪ್ಪಿನ ಹಂದಿಮಾಂಸದವರು. ಒಳನಾಡಿನಲ್ಲೇ ಚಳಿಗಾಲ ಕಳೆಯುವವರು ಪೆಮ್ಮಿಕನ್‌ನವರು. ಎರಡನೆಯವರು ಮೊದಲಿನವರನ್ನು ‘ಹಂದಿಕೊಬ್ಬು ತಿನ್ನುವವರು’ ಎಂದು ಹಂಗಿಸುತ್ತಿದ್ದರು. ಪೆಮ್ಮಿಕನ್ ಎಂದರೆ ಒಣಗಿಸಿ ಕುಟ್ಟಿದ ಕಾಡೆಮ್ಮೆಯ ಮಾಂಸಕ್ಕೆ ಕರಗಿಸಿದ ಕೊಬ್ಬು ಬೆರೆಸಿದ್ದು. ಕ್ರೀ ಭಾಷೆಯಲ್ಲಿ ‘ಪಿಮೀ’ ಎಂದರೇ ಕೊಬ್ಬು. 1814ರಲ್ಲಿ ರೆಡ್ ರಿವರ್ ವಸಾಹತಿನ ಮೈಲ್ಸ್ ಮ್ಯಾಕ್‌ಡೊನೆಲ್ ಇದನ್ನು ಹೊರಗೆ ಸಾಗಿಸಬಾರದೆಂದು ಆಜ್ಞೆ ಹೊರಡಿಸಿದ. ಜಗಳ ಬೆಳೆದು 1816ರ ಸೆವೆನ್ ಓಕ್ಸ್ ಕದನದಲ್ಲಿ ಅಲ್ಲಿಯ ಆಗಿನ ಗವರ್ನರನೇ ಸತ್ತ. ಒಣಬಾಡಿಗಾಗಿ ವ್ಯಾಪಾರದ ಕಂಪನಿಗಳು ಹೊಡೆದಾಡಿದ ಈ ಅಧ್ಯಾಯವನ್ನು ನಮ್ಮ ಶಾಲೆಯ ಚರಿತ್ರೆ ಪುಸ್ತಕಕ್ಕೆ ಸೇರಿಸಿದ್ದರೆ ನಾನು ಆ ವಿಷಯದಲ್ಲಿ ಪಾಸಾಗುತ್ತಿದ್ದೆ.

ಕೊನೆಯ ದಿನದ ಮಧ್ಯಾಹ್ನ ಬಂಡೆಯೊಂದರ ಮೇಲೆ ಕೂತು ಉಳಿದಿದ್ದ ಒಂದೇ ಸಲಾಮಿಯನ್ನು ಹೋಳು ಮಾಡಿ ದೋಣಿಹುಟ್ಟಿನ ಮೇಲೆ ಸಾಲಾಗಿ ಹರಡಿದ್ದೆ. ಈ ಸಿದ್ಧಾಂತಭಾಗವನ್ನು ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಆಗ ಸುಮ್ಮನೆ ನೆನಪಾಯಿತು: ನಮ್ಮವ್ವನೂ ಹೀಗೇ ಸಾಲಾಗಿ ಇಡುತ್ತಿದ್ದಳು. ಹಬ್ಬದ ಮಾರನೆಯ ದಿನ ಮಿಕ್ಕ ಬಾಡನ್ನು ಬೆರಳಗಲ ಸೀಳಿ, ಉಪ್ಪು ಅರಿಸಿನ ಸವರಿ, ದಾರಕ್ಕೆ ಪೋಣಿಸಿ ಅಂಗಳದಲ್ಲಿ ಕಟ್ಟುತ್ತಿದ್ದಳು. ಉಪ್ಪುಕಂಡ. ಒಣಗಿತೋ ಎಂದು ನೋಡಲು ಒಂದು ತುಂಡನ್ನು ಮುರಿಯುತ್ತಿದ್ದಳು. ಬಾಗಿದರೆ ಇನ್ನೊಂದು ಬಿಸಿಲು, ಚಟ್ಟೆಂದರೆ ಗಡಿಗೆಗೆ. 0.85 ಎಂಬ ಸಂಖ್ಯೆ ಅವಳಿಗೆ ಗೊತ್ತಿರಲಿಲ್ಲ, ಅದರ ಸದ್ದು ಗೊತ್ತಿತ್ತು. ನನ್ನ ಕೆಲಸ ಕೋಲು ಹಿಡಿದು ಕಾಗೆ ಕಾಯುವುದು.

ಅಷ್ಟರಲ್ಲಿ ಬೂದು ಬಣ್ಣದ ಗುಂಡನೆಯ ಹಕ್ಕಿಯೊಂದು ಸದ್ದಿಲ್ಲದೆ ಬಂದು, ನನ್ನ ಮೊಣಕಾಲ ಪಕ್ಕದಲ್ಲೇ ಕೂತು, ಒಂದು ಹೋಳು ಕಚ್ಚಿಕೊಂಡು ಹೋಯಿತು. ಮತ್ತೆ ಬಂತು, ಎರಡನೆಯದನ್ನೂ ಒಯ್ದಿತು. ಕೆನಡಾ ಜೇ ಅಂತೆ. ವಿಸ್ಕಿ ಜ್ಯಾಕ್ ಎಂದೂ ಕರೆಯುತ್ತಾರೆ. ವಿಸ್ಕಿಗೂ ಅದಕ್ಕೂ ಸಂಬಂಧವಿಲ್ಲ, ಕ್ರೀ ಜನರ ಕಥೆಗಳ ಕಿಲಾಡಿ ವೀಸಕೆಜಾಕ್‌ನ ಹೆಸರು ಇಂಗ್ಲಿಷರ ಬಾಯಲ್ಲಿ ಹಾಗಾದದ್ದು. ಈ ವ್ಯುತ್ಪತ್ತಿ ಬರೆದುಕೊಳ್ಳುವಷ್ಟರಲ್ಲಿ ಮೂರನೆಯ ಹೋಳೂ ಹೋಯಿತು. ಇದು ಯಾವ ಜಾತಿ ಹಕ್ಕಿ ಎಂದು ಅಳಿಯನನ್ನು ಕೇಳಿದೆ.

‘ಕಾಗೆ ಕುಲವೇ, ಮಾವ’ ಎಂದ.

ಟಿಪ್ಪಣಿ ಪುಸ್ತಕ ಮುಚ್ಚಿಟ್ಟು ಕೋಲು ಹುಡುಕಲು ಎದ್ದೆ.