ಗಟ್ಟಿಮೇಳದ ಮಾವ

ಮದುವೆ ಗೊತ್ತಾದ ಮನೆಯಲ್ಲಿ ಕೆಲಸ ಹಂಚಿಕೊಳ್ಳುವಾಗ ಅಡುಗೆಯ ಉಸ್ತುವಾರಿಗೆ ನಾನು ತಾನು ಎಂದು ಮೂರು ಜನ ಎದ್ದು ನಿಲ್ಲುತ್ತಾರೆ. ಜವಳಿಗೆ ಹೆಂಗಸರೆಲ್ಲ ಒಂದೇ ವ್ಯಾನಿನಲ್ಲಿ ಹೊರಟುಬಿಡುತ್ತಾರೆ. ಛತ್ರ ಹಿಡಿಯಲು ವಶೀಲಿಯಿರುವ ಭಾವನೊಬ್ಬ ಎಲ್ಲಿಂದಲೋ ಒದಗುತ್ತಾನೆ. ವಾಲಗ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಲಗ್ನಪತ್ರಿಕೆ ಅಚ್ಚಾಗಿ ಬಂದು, ಮೂಲೆಗಳಿಗೆ ಅರಿಶಿನ ಹಚ್ಚುತ್ತಿರುವಾಗ ಅಜ್ಜಿಯೊಬ್ಬರು ‘ಅಲ್ವೋ, ವಾಲಗದವರಿಗೆ ಹೇಳಿದ್ರೇನೋ?’ ಎನ್ನುತ್ತಾರೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವ ಆ ಗಳಿಗೆಗಾಗಿಯೇ ಕಾದಿದ್ದವರೊಬ್ಬರು, ಓದುತ್ತಿದ್ದ ಪೇಪರು ಮಡಿಸಿಟ್ಟು ಹೇಳುತ್ತಾರೆ: ‘ಅದು ನನಗೆ ಬಿಡಿ.’

ಇವರು ಗಟ್ಟಿಮೇಳದ ಮಾವ. ನಿಮ್ಮ ಮನೆಯಲ್ಲಿ ಇವರು ದೊಡ್ಡಪ್ಪನೋ ಚಿಕ್ಕಪ್ಪನೋ ಹೆಂಡತಿಯ ಸೋದರಮಾವನೋ ಆಗಿರಬಹುದು, ಲಕ್ಷಣ ಬದಲಾಗುವುದಿಲ್ಲ. ಸರ್ಕಾರಿ ಕಚೇರಿಯ ಲೆಕ್ಕಪತ್ರ ವಿಭಾಗದಿಂದ ನಿವೃತ್ತರು. ಜೇಬಿನಲ್ಲಿ ಸಣ್ಣ ಡೈರಿ, ಎರಡು ಬಣ್ಣದ ಪೆನ್ನು. ಚಿಕ್ಕಂದಿನಲ್ಲಿ ಸಂಗೀತ ಕಲಿತವರು; ಸರಳೆ, ಜಂಟಿ ವರಸೆ ಮುಗಿಸಿ ಅಲಂಕಾರದ ಹೊಸ್ತಿಲಲ್ಲಿದ್ದಾಗ ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಯಿತಂತೆ. ವರ್ಗವಾಯಿತೋ, ಮೇಷ್ಟ್ರೇ ಕೇಳಿ ಹಾಕಿಸಿಕೊಂಡರೋ ಎಂಬ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಅಂದಿನಿಂದ ಮಾವ ಕೇಳುಗರ ಪಕ್ಷ ಸೇರಿದ್ದಾರೆ. ಯಾವ ಹಾಡು ಕೇಳಿಬಂದರೂ ತೊಡೆಯ ಮೇಲೆ ತಾಳ ಬೀಳುತ್ತದೆ; ಆದಿತಾಳಕ್ಕೆ ಒಂಬತ್ತನೆಯ ಪೆಟ್ಟೊಂದನ್ನು ಉದಾರವಾಗಿ ಸೇರಿಸುತ್ತಾರೆ.

ಅಡಿಕೆಯನ್ನು ತೂಗಿ ಕೊಳ್ಳುವಂತೆ ಸಂಗೀತವನ್ನು ತಲೆ ಎಣಿಸಿ ಕೊಳ್ಳಬೇಕು ಎಂಬುದು ಮಾವನ ನಂಬಿಕೆ. ಕೊಳ್ಳುವ ಕಾಲವನ್ನೂ ಅವರು ಬಲ್ಲರು. ಆಷಾಢದಲ್ಲಿ ಹೋಗುತ್ತಾರೆ. ಮದುವೆಗಳಿಲ್ಲದ ಆ ತಿಂಗಳಲ್ಲಿ ವಾಲಗದವರು ಮನೆಯಲ್ಲೇ ಇರುತ್ತಾರೆ, ದರ ಇಳಿಯುತ್ತದೆ ಎಂಬ ಲೆಕ್ಕ. ವಾಲಗದವರಿಗೂ ಆ ತಿಂಗಳಲ್ಲಿ ಬೇಕಾದಷ್ಟು ಬಿಡುವು, ಹಾಗಾಗಿ ಚೌಕಾಸಿಗೆ ಅವರೂ ನಿಧಾನವಾಗಿಯೇ ಕೂರುತ್ತಾರೆ.

‘ಎಷ್ಟು ಜನ ಬರ್ತೀರಪ್ಪ?’

‘ನಾಗಸ್ವರ ಇಬ್ರು, ಡೋಲು ಇಬ್ರು, ತಾಳಕ್ಕೊಬ್ಬ, ಶ್ರುತಿಗೊಬ್ಬ. ಆರು ಜನ ಸ್ವಾಮಿ.’

‘ಶ್ರುತಿಗೆ ಯಾಕೊಬ್ಬ? ಈಗ ಕರೆಂಟಿನ ಪೆಟ್ಟಿಗೆ ಬಂದಿದೆಯಲ್ಲ, ಸ್ವಿಚ್ ಒತ್ತಿದ್ರೆ ತಾನೇ ಕೂಗುತ್ತೆ.’

‘ಸ್ವಿಚ್ ಒತ್ತೋಕೆ ಒಬ್ಬ ಬೇಕಲ್ಲ ಸ್ವಾಮಿ.’

‘ತಾಳದವನು ಒತ್ತಲಿ.’

‘ಅವನ ಎರಡು ಕೈಲೂ ತಾಳ ಇರುತ್ತಲ್ಲ.’

ಮಾವ ಡೈರಿ ತೆಗೆದು ಏನೋ ಕೂಡಿ ಕಳೆಯುತ್ತಾರೆ. ‘ಒಂದು ಸಲ ಒತ್ತಿದ ಮೇಲೆ ಮತ್ತೆ ಒತ್ತೋ ಹಾಗಿಲ್ಲ ತಾನೆ? ನಾನೇ ಒತ್ತುತೀನಿ. ಐದು ಜನಕ್ಕೆ ಮಾತಾಡು.’

ಹೀಗಾಗಿ ನಮ್ಮ ಕಡೆಯ ಮದುವೆ ಆಲ್ಬಮ್ಮುಗಳಲ್ಲೆಲ್ಲ ವಾಲಗದವರ ಪಕ್ಕದಲ್ಲಿ ಜರಿ ಶಲ್ಯ ಹೊದ್ದು, ಶ್ರುತಿಪೆಟ್ಟಿಗೆಯ ಮೇಲೆ ಕೈಯಿಟ್ಟು ಗಂಭೀರವಾಗಿ ಕೂತಿರುವವರು ಮಾವನೇ. ಒಂದು ಮದುವೆಯಲ್ಲಿ ಗಂಡಿನ ಕಡೆಯವರೊಬ್ಬರು ಬಂದು, ‘ನಮ್ಮ ಮನೇಲೂ ಕಾರ್ತೀಕದಲ್ಲಿ ಒಂದು ಮದುವೆ ಇದೆ, ನೀವು ದಿನಕ್ಕೆ ಎಷ್ಟು ತಗೋತೀರಿ?’ ಎಂದು ಕೇಳಿದರು. ಮಾವ ಸಿಟ್ಟಾಗಲಿಲ್ಲ. ದರ ಹೇಳಿದರು. ಅವರು ಇಳಿಸಲು ನೋಡಿದಾಗ ಮಾತ್ರ ಕೆರಳಿ, ‘ಕಲಾವಿದರ ಹತ್ತಿರ ಚೌಕಾಸಿ ಮಾಡಬಾರದು ಸ್ವಾಮಿ’ ಎಂದರಂತೆ.

ಆರತಕ್ಷತೆಯ ಆರ್ಕೆಸ್ಟ್ರಾದವರ ಜೊತೆಗಿನ ವ್ಯವಹಾರ ಇನ್ನೂ ಸೂಕ್ಷ್ಮವಾದದ್ದು. ಅವರು ಕೊಡುವ ಪಟ್ಟಿಯಲ್ಲಿ ಕೀಬೋರ್ಡು, ತಬಲಾ, ರಿದಂ ಪ್ಯಾಡು, ಗಿಟಾರು, ಗಾಯಕ, ಗಾಯಕಿ, ನಿರೂಪಕ, ಸೌಂಡಿನವರು ಎಲ್ಲ ಇರುತ್ತದೆ. ಮಾವ ಕೆಂಪು ಪೆನ್ನು ತೆಗೆಯುತ್ತಾರೆ. ‘ಕೀಬೋರ್ಡಲ್ಲಿ ಕೊಳಲು ಬರುತ್ತೆ, ವೀಣೆ ಬರುತ್ತೆ, ತಬಲಾನೂ ಬರುತ್ತೆ. ಮತ್ತೆ ತಬಲಾದವನು ಯಾಕೆ?’ ತಂಡದ ಮುಖ್ಯಸ್ಥ ಪಳಗಿದ ಮನುಷ್ಯ. ‘ಆ ಲೆಕ್ಕಕ್ಕೆ ಮೊಬೈಲಲ್ಲಿ ಕೀಬೋರ್ಡೂ ಬರುತ್ತೆ ಸಾರ್, ಗಾಯಕೀನೂ ಬರ್ತಾಳೆ. ನಾವ್ಯಾರೂ ಬರೋದು ಬೇಡ’ ಎನ್ನುತ್ತಾನೆ. ಮಾವನಿಗೆ ನಿಜಕ್ಕೂ ನೋವಾಗುತ್ತದೆ. ‘ಮೊಬೈಲ್ ಹಾಕೋಕೆ ಇದೇನು ಕಟಿಂಗ್ ಶಾಪಾ? ಮದುವೆ ಕಣಯ್ಯಾ! ಮನುಷ್ಯರು ಕೂತು ನುಡಿಸಬೇಕು.’ ಇದು ಮಾವನ ಬಾಳಿನ ದೊಡ್ಡ ಇಕ್ಕಟ್ಟು. ಮನುಷ್ಯರೇ ನುಡಿಸಬೇಕು, ಆದರೆ ಆದಷ್ಟು ಕಡಿಮೆ ಮನುಷ್ಯರು.

ಈ ಹುಚ್ಚಿಗೆ ಕಾರಣ ಅತ್ತೆಗೆ ಗೊತ್ತು. ‘ನಮ್ಮ ಮದುವೇಲಿ ವಾಲಗ ಇರ್ಲಿಲ್ಲ ಕಣೋ. ಇವರಪ್ಪ ದುಡ್ಡು ಉಳಿಸೋಕೆ ಮೈಕ್‌ಸೆಟ್ಟಿನವನಿಗೆ ಹೇಳಿ ಗ್ರಾಮೋಫೋನ್ ಇಡಿಸಿದ್ರು. ಮುಹೂರ್ತದ ಹೊತ್ತಿಗೆ ಪ್ಲೇಟು ಗೀರಿಗೆ ಸಿಕ್ಕೊಂಡು ಒಂದೇ ಸೊಲ್ಲು ಹೊಡ್ಕೊಳ್ತು. ಇವರು ಅವತ್ತಿಂದ ಹೀಗೆ.’ ಅಷ್ಟು ಹೇಳಿ ಅತ್ತೆ ಒಳಗೆ ಹೋಗುತ್ತಾರೆ. ಆಮೇಲೆ ಮಾವನನ್ನು ಪೂರ್ತಿ ಬೈಯಲು ಮನಸ್ಸಾಗುವುದಿಲ್ಲ.

ಬೀಗತನ ದೂರದೂರಕ್ಕೆ ಬೆಳೆದಂತೆ ಮಾವನ ಜ್ಞಾನವೂ ಬೆಳೆಯಿತು. ಮಂಗಳೂರಿನ ಕಡೆಯ ಮದುವೆಯೊಂದರಲ್ಲಿ ಮಂಟಪದ ಪಕ್ಕ ನಾಗಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ಕಂಡು ಹೌಹಾರಿದರು. ‘ಇದೇನು, ಧಾರೆಗೆ ಇಂಗ್ಲಿಷ್ ವಾದ್ಯ?’ ಬೀಗರು ಸಮಾಧಾನವಾಗಿ ಕದ್ರಿ ಗೋಪಾಲನಾಥರ ಕಥೆ ಹೇಳಿದರು. ನಾಗಸ್ವರ ವಿದ್ವಾಂಸರ ಮಗನಾದ ಅವರು ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮರುಳಾದದ್ದು, ವರ್ಷಗಟ್ಟಲೆ ಒದ್ದಾಡಿ ಅದನ್ನು ಕರ್ನಾಟಕ ಸಂಗೀತದ ಗಮಕಕ್ಕೆ ಬಗ್ಗಿಸಿದ್ದು, 2004ರಲ್ಲಿ ಪದ್ಮಶ್ರೀ ಬಂದದ್ದು, ಈಗ ಆ ಕಡೆ ದೇವಸ್ಥಾನದಲ್ಲೂ ಮದುವೆಯಲ್ಲೂ ಸ್ಯಾಕ್ಸೋಫೋನಿನವರು ಕೂರುವುದು. ಮಾವ ಇಡೀ ಕಥೆಯಿಂದ ತಮಗೆ ಬೇಕಾದ್ದನ್ನು ಆರಿಸಿಕೊಂಡರು. ‘ಅಂದ್ರೆ ಮೂಲ ನಮ್ಮ ಮೈಸೂರು! ಆ ಲೆಕ್ಕದಲ್ಲಿ ನಮಗೆ ರಿಯಾಯಿತಿ ಕೊಡಬೇಕಲ್ಲ ಇವರು?’ ಕೊಡಗಿನ ಮದುವೆಗೆ ಹೋದಾಗ ಮಾತ್ರ ಡೈರಿ ಜೇಬಿನಿಂದ ಹೊರಗೆ ಬರಲಿಲ್ಲ. ಅಲ್ಲಿಯ ವಾಲಗದ ಡೋಲು, ಕೊಂಬು ಶುರುವಾಗಿ ನೆಂಟರೆಲ್ಲ ಕುಣಿಯತೊಡಗಿದಾಗ ಮಾವ ತಲೆ ಎಣಿಸಲು ಹತ್ತಿರ ಹೋದರು. ಆಮೇಲೆ ನಾವು ನೋಡಿದಾಗ ಕುಪ್ಪಸ ತೊಟ್ಟ ಇಬ್ಬರ ನಡುವೆ ಅವರೂ ಕೈ ಎತ್ತಿಕೊಂಡಿದ್ದರು. ಆ ವಿಷಯ ಅವರ ಮುಂದೆ ಎತ್ತುವ ಹಾಗಿಲ್ಲ.

ಇನ್ನು ಅವರ ಸಿನಿಮಾ ಪಾಂಡಿತ್ಯ. ವಾಲಗದವರು ಮುಂಜಾನೆಯ ರಾಗ ಹಿಡಿದು ಸ್ವಲ್ಪ ಒಳಗೆ ಇಳಿಯುತ್ತಿದ್ದಾರೆ ಅನ್ನುವಾಗ ಮಾವ ಬಗ್ಗಿ, ‘ಸನಾದಿ ಅಪ್ಪಣ್ಣ ನುಡಿಸಿ’ ಎನ್ನುತ್ತಾರೆ. 1977ರ ಆ ಚಿತ್ರದಲ್ಲಿ ರಾಜ್‌ಕುಮಾರ್ ಹಿಡಿದ ಶಹನಾಯಿಗೆ ಉಸಿರು ಕೊಟ್ಟವರು ಉಸ್ತಾದ್ ಬಿಸ್ಮಿಲ್ಲಾ ಖಾನ್ ಎಂಬುದನ್ನು ಸುತ್ತ ಕೂತವರಿಗೆಲ್ಲ ತಿಳಿಸುತ್ತಾರೆ. ‘ಸ್ವಾಮಿ, ಅದು ಶಹನಾಯಿ, ಇದು ನಾಗಸ್ವರ’ ಎಂದು ವಿದ್ವಾಂಸರು ಹೇಳಿ ನೋಡಿದರು. ‘ಎರಡೂ ಊದೋದೇ ಅಲ್ವೇನಯ್ಯಾ?’ ಎಂದರು ಮಾವ. ಅವರು ನುಡಿಸಿದರು. ನುಡಿಸಿದ್ದು ಬಹಳ ಚೆನ್ನಾಗಿತ್ತು ಎಂಬುದೇ ತೊಂದರೆ, ಅಂದಿನಿಂದ ಮಾವನ ವಾದವೇ ಗೆದ್ದಂತಾಗಿದೆ.

ಮಾವನಿಗೆ ಆ ಹೆಸರು ಬಂದ ಪ್ರಸಂಗ ಹೇಳಲೇಬೇಕು. ಗಟ್ಟಿಮೇಳದ ಕ್ರಮ ನಿಮಗೆ ಗೊತ್ತು. ಮಾಂಗಲ್ಯ ಕಟ್ಟುವ ಹೊತ್ತಿಗೆ ಪುರೋಹಿತರು ಕೈ ಎತ್ತಿ ಕೂಗುತ್ತಾರೆ, ಡೋಲು ಸಿಡಿಯುತ್ತದೆ, ಸೀನು, ಕೆಮ್ಮು, ಅಪಶಕುನದ ಮಾತು ಯಾವುದೂ ಆ ಗಳಿಗೆಯಲ್ಲಿ ಕಿವಿಗೆ ಬೀಳಬಾರದು ಎಂಬುದು ಹಿರಿಯರ ಏರ್ಪಾಡು. ಈಗ ಪುರೋಹಿತರಿಗೂ ಡೋಲಿನವರಿಗೂ ನಡುವೆ ಫೋಟೋದವರು, ವಿಡಿಯೋದವರು, ಮೊಬೈಲ್ ಎತ್ತಿದ ನಾದಿನಿಯರು ಕೋಟೆ ಕಟ್ಟಿರುತ್ತಾರೆ, ಪುರೋಹಿತರ ಕೈ ಡೋಲಿನವರಿಗೆ ಕಾಣುವುದಿಲ್ಲ. ಹಾಗಾಗಿ ಮಾವ ನಡುವೆ ಕುರ್ಚಿಯ ಮೇಲೆ ನಿಂತು ಸಂಕೇತ ದಾಟಿಸುವ ಹೊಣೆ ಹೊತ್ತರು. ಒಳ್ಳೆಯ ಯೋಜನೆಯೇ. ಅಂತರಪಟ ಇನ್ನೂ ಇಳಿದಿರಲಿಲ್ಲ. ಮದುಮಗಳು ಆ ಕಡೆ, ಮದುಮಗ ಈ ಕಡೆ, ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ತಮ್ಮ ಹಳೆಯ ಸಹೋದ್ಯೋಗಿಯೊಬ್ಬರು ಬಂದದ್ದು ಮಾವನಿಗೆ ಕಂಡಿತು. ಪ್ರೀತಿಯಿಂದ ಕೈ ಎತ್ತಿದರು.

ಡೋಲು ಸಿಡಿಯಿತು. ಮುಂದಿನ ಸಾಲಿನವರು ಗಲಿಬಿಲಿಗೊಂಡರು, ಹಿಂದಿನ ಸಾಲುಗಳಿಗೆ ಯಾವ ಗೊಂದಲವೂ ಇರಲಿಲ್ಲ. ಅವರಿಗೆ ಹೇಗೂ ಫೋಟೋದವರ ಬೆನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಗಟ್ಟಿಮೇಳ ಕೇಳಿದರೆ ಅಕ್ಷತೆ ಎಸೆಯಬೇಕು, ಎಸೆದರು. ಅಕ್ಷತೆ ಎಸೆದಮೇಲೆ ಊಟದ ಹಾಲಿನ ಕಡೆ ನಡೆಯಬೇಕು, ನಡೆದರು. ಪುರೋಹಿತರು ‘ಇನ್ನೂ ಇಲ್ಲ, ಇನ್ನೂ ಇಲ್ಲ’ ಎಂದು ಕೂಗಿದ್ದನ್ನು ಹಿರಿಯರು ಏರ್ಪಡಿಸಿದಂತೆಯೇ ಗಟ್ಟಿಮೇಳ ಮುಚ್ಚಿಹಾಕಿತು. ನಿಜವಾದ ಮಾಂಗಲ್ಯಧಾರಣೆಯ ಹೊತ್ತಿಗೆ ಮೊದಲ ಪಂಕ್ತಿಗೆ ಕೋಸಂಬರಿ ಬಡಿಸಿ ಆಗಿತ್ತು. ವಾಲಗದವರು ಎರಡನೇ ಗಟ್ಟಿಮೇಳಕ್ಕೆ ಬೇರೆ ದುಡ್ಡು ಕೇಳಿದರೆಂದೂ, ಮಾವ ‘ಮೊದಲನೇದು ಲೆಕ್ಕಕ್ಕಿಲ್ಲ, ಟೆಸ್ಟಿಂಗ್’ ಎಂದರೆಂದೂ ವದಂತಿ.

ಆರತಕ್ಷತೆಯ ದಿನ ಮಾವನ ಜೇಬಿನಲ್ಲಿ ಎರಡು ಕಾಗದ ಇರುತ್ತವೆ. ಒಂದು, 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನ ಜೆರಾಕ್ಸು. ಮದುವೆ ಮೆರವಣಿಗೆಯಲ್ಲೂ ಮದುವೆಗೆ ಸಂಬಂಧಪಟ್ಟ ಸಂಭ್ರಮಗಳಲ್ಲೂ ಹಾಡು ನುಡಿಸಿದರೆ ಹಕ್ಕಿನ ಉಲ್ಲಂಘನೆಯಲ್ಲ ಎನ್ನುವ ಭಾಗಕ್ಕೆ ಕೆಂಪು ಗೀಟು. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನೇ ಮತ್ತೊಮ್ಮೆ ಸ್ಪಷ್ಟಪಡಿಸಿದೆ ಎಂದು ಅಂಚಿನಲ್ಲಿ ಟಿಪ್ಪಣಿ. ಇನ್ನೊಂದು, 2000ದ ಶಬ್ದಮಾಲಿನ್ಯ ನಿಯಮ; ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು. ಮೊದಲನೆಯದು ಹೊರಗಿನವರು ಯಾರಾದರೂ ದುಡ್ಡು ಕೇಳಿಕೊಂಡು ಬಂದರೆ ತೋರಿಸಲು. ಎರಡನೆಯದು ಆರ್ಕೆಸ್ಟ್ರಾದವರಿಗೆ ದುಡ್ಡು ಕಡಿಮೆ ಮಾಡಲು. ಆರೂವರೆಗೆ ಶುರು ಎಂದು ಮಾತು. ಮದುಮಗಳು ಬ್ಯೂಟಿ ಪಾರ್ಲರಿನಿಂದ ಬರುವುದು ಎಂಟಕ್ಕೆ. ಹತ್ತಕ್ಕೆ ನಿಲ್ಲಿಸಲೇಬೇಕು. ‘ಹಾಗಾದ್ರೆ ಮೂರೂವರೆ ಗಂಟೆ ದುಡ್ಡು ಯಾಕೆ?’ ಎಂದು ಮಾವ. ‘ನಾವು ಆರಕ್ಕೇ ಬಂದು ಕೂತಿದ್ದೀವಿ ಸಾರ್’ ಎಂದು ಅವರು. ಅದಕ್ಕೆ ಮಾವ ಕೊಡುವ ಉತ್ತರ, ‘ಕೂತಿದ್ದಕ್ಕೆ ಕುರ್ಚಿ ನಮ್ಮದು.’

ಆಮೇಲೆ ಅವರು ವೇದಿಕೆಯ ಹಿಂದೆ ಹೋಗಿ ಕೀಬೋರ್ಡಿನವನ ಬೆರಳುಗಳ ಮೇಲೆ ನಿಗಾ ಇಡುತ್ತಾರೆ. ‘ಟ್ರ್ಯಾಕ್’ ಹಾಕಿ ಮೋಸ ಮಾಡುತ್ತಾರೆಂಬ ಅನುಮಾನ. ಒಮ್ಮೆ ಆ ಹುಡುಗ ಮೂಗು ತುರಿಸಿಕೊಳ್ಳಲು ಕೈ ಎತ್ತಿದ, ಸಂಗೀತ ನಿಲ್ಲಲಿಲ್ಲ. ಮಾವ ಡೈರಿಯಲ್ಲಿ ಸಮಯ ಬರೆದುಕೊಂಡರು.

ಸಂಭಾವನೆ ಎಷ್ಟೇ ಇರಲಿ, ಆರತಕ್ಷತೆಯಲ್ಲಿ ಹಾಡುವವರ ಪಾಡು ನನಗೆ ಪಾಪವೆನಿಸುತ್ತದೆ. ಎದುರಿಗೆ ಐನೂರು ಜನ, ಐನೂರು ಬೆನ್ನು. ಸಾಲು ವೇದಿಕೆಯ ಕಡೆಗಿದೆ, ಕಣ್ಣು ಊಟದ ಹಾಲಿನ ಕಡೆಗಿದೆ. ಗಾಯಕಿ ಚರಣದ ಕೊನೆಯಲ್ಲಿ ಒಂದು ಕಷ್ಟದ ಜಾಗ ದಾಟಿ ತಾನೇ ನಗುತ್ತಾಳೆ, ನೋಡುವವರಿಲ್ಲ. ನಿರೂಪಕ ‘ಜೋರಾಗಿ ಚಪ್ಪಾಳೆ’ ಎಂದರೆ ಐಸ್‌ಕ್ರೀಮ್ ಕೌಂಟರಿನ ಮಕ್ಕಳಷ್ಟೇ ಓಗೊಡುತ್ತವೆ. ಹಾಲಿನಲ್ಲಿ ಹಾಡು ಕೇಳುತ್ತಿರುವವರು ಮಾವ ಒಬ್ಬರೇ. ತಪ್ಪು ಹುಡುಕಲೆಂದೇ ಕೇಳುತ್ತಾರೆ, ನಿಜ. ಆದರೂ ಎರಡನೇ ಚರಣ ಬಿಟ್ಟರೆ ಅವರಿಗೆ ಗೊತ್ತಾಗುತ್ತದೆ, ಕೊಳಲಿನ ತುಣುಕು ಹಾರಿಸಿದರೆ ಹುಬ್ಬು ಏರುತ್ತದೆ, ಎಲ್ಲ ಸರಿಬಂದರೆ ತೊಡೆಯ ಮೇಲೆ ಒಂಬತ್ತನೆಯ ಪೆಟ್ಟು ಬೀಳುತ್ತದೆ. ಹಾಡುವವರು ಅವರನ್ನೇ ನೋಡಿಕೊಂಡು ಹಾಡುವುದನ್ನು ನಾನು ಗಮನಿಸಿದ್ದೇನೆ.

ಅವರ ಬೇಡಿಕೆಯ ಚೀಟಿ ಮಾತ್ರ ತಂಡದವರಿಗೆ ದುಃಸ್ವಪ್ನ. 1971ರ ‘ಕಸ್ತೂರಿ ನಿವಾಸ’ದ ಹಾಡೇ ಆಗಬೇಕು. ಕೈ ಒಡ್ಡಿದವರಿಗೆಲ್ಲ ಕೊಟ್ಟು ಕೊಟ್ಟು ಕೊನೆಗೆ ಏನೂ ಉಳಿಯದ ಯಜಮಾನನ ಕಥೆ ಅದು. ಹೋದ ಸಲ ಆ ಹಾಡು ಶುರುವಾದಾಗ ಹುಡುಗಿಯ ತಂದೆ ಕ್ಯಾಟರಿಂಗಿನವರ ಬಿಲ್ಲು ಕೈಯಲ್ಲಿ ಹಿಡಿದು ಕಂಬದ ಪಕ್ಕ ನಿಂತಿದ್ದರು. ಹಾಡು ಮುಗಿಯುವಷ್ಟರಲ್ಲಿ ಅವರ ಕಣ್ಣು ಒದ್ದೆಯಾಗಿತ್ತು. ‘ಎಂಥಾ ರಸಿಕರು ನೋಡಿ’ ಎಂದರು ಮಾವ.

ಹತ್ತಕ್ಕೆ ಸರಿಯಾಗಿ ಮೈಕು ಆಫ್. ವೈರು ಸುತ್ತುತ್ತಿರುವವರನ್ನೆಲ್ಲ ಮಾವ ಗದರಿ ಊಟಕ್ಕೆ ಕೂರಿಸುತ್ತಾರೆ. ತಾವೇ ನಿಂತು ಒಬ್ಬಟ್ಟಿಗೆ ತುಪ್ಪ ಹಾಕಿಸುತ್ತಾರೆ, ಗಾಯಕಿಯ ಮನೆಗೆಂದು ನಾಲ್ಕು ಕಟ್ಟಿಸುತ್ತಾರೆ. ನಂತರ ಛತ್ರದ ಆಫೀಸಿನಲ್ಲಿ ಲೆಕ್ಕ. ಡೈರಿ ಬಿಚ್ಚಿಕೊಳ್ಳುತ್ತದೆ. ಮೂಗು ತುರಿಸಿದ್ದು, ಬಿಟ್ಟ ಚರಣ, ನಿರೂಪಕ ಮದುಮಗನ ಹೆಸರು ತಪ್ಪು ಹೇಳಿದ್ದು, ಎಲ್ಲ ಸೇರಿ ಐನೂರು ರೂಪಾಯಿ ಕಡಿತ. ಮುಖ್ಯಸ್ಥ ತುಟಿ ಬಿಚ್ಚುವುದಿಲ್ಲ, ಅವನಿಗೆ ಮುಂದಿನದು ಗೊತ್ತು. ಮಾವ ಉಳಿದ ದುಡ್ಡು ಎಣಿಸಿ ಕೊಟ್ಟು, ರಸೀದಿಗೆ ಸಹಿ ಹಾಕಿಸಿಕೊಂಡು, ಇನ್ನೊಂದು ಜೇಬಿನಿಂದ ಕವರು ತೆಗೆಯುತ್ತಾರೆ. ‘ಇದು ಬೇರೆ. ಮದುವೆ ಮನೇದಲ್ಲ, ನನ್ನದು. ಕಸ್ತೂರಿ ನಿವಾಸ ಚೆನ್ನಾಗಿ ಬಂತು.’ ಒಳಗೆ ಐನೂರೊಂದು ರೂಪಾಯಿ.

‘ಒಂದು ರೂಪಾಯಿ ಲಾಭ ಆಯ್ತಲ್ಲ ಸಾರ್ ನಮಗೆ’ ಎಂದ ಆತ, ಕವರು ಕಣ್ಣಿಗೊತ್ತಿಕೊಂಡು. ‘ಇದಕ್ಕೂ ರಸೀದಿ ಬೇಕಾ?’

‘ಮತ್ತೆ? ಬೇಡ್ವಾ?’ ಎಂದು ಮಾವ ಪೆನ್ನು ಮುಂದೆ ಮಾಡಿದರು.